ಎರಡನೇ ಪಂಕ್ತಿಯ ಹಸಿವು

ಕಾಲೇಜಿನ ಗೇಟಿಗೆ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಮೇಡಂ ಹೆಸರಿಗೆ ‘ಡಾ.’ ಸೇರಿಸಿದ್ದರು. ಮೇಡಂ ಡಾಕ್ಟರೇಟ್ ಮಾಡಿರಲಿಲ್ಲ. ಮಾಡಲು ಹೊರಟು, ಮುಕ್ಕಾಲು ದಾರಿ ನಡೆದು, ತಾವಾಗಿಯೇ ಬಿಟ್ಟಿದ್ದರು. ಫ್ಲೆಕ್ಸ್ ಮಾಡಿಸಿದ ಸಹೋದ್ಯೋಗಿಗೆ ಹೇಳಿದೆ.

“ಗೊತ್ತು ಕಣ್ರೀ. ಅಂಗಡಿಯೋನು ತಾನೇ ಹಾಕ್ಬುಟ್ಟವ್ನೆ. ಸತ್ತೋರ್ಗೆ ಒಂದಕ್ಷರ ಜಾಸ್ತಿ ಕೊಟ್ರೆ ಯಾರ ಗಂಟು ಹೋಯ್ತದೆ, ಬುಡಿ” ಎಂದರು.

ಸಭೆಯಲ್ಲಿ ಇನ್ನೊಂದು ಮಾತು ಬಂತು. ತಾಯಿಯ ಸೇವೆಗಾಗಿ ತಮ್ಮ ಸಂಶೋಧನೆಯನ್ನೇ ತ್ಯಾಗ ಮಾಡಿದ ಜೀವ ಎಂದರು ಪ್ರಿನ್ಸಿಪಾಲರು. ಎಲ್ಲರೂ ತಲೆಯಾಡಿಸಿದರು. ಸತ್ತವರ ಅಳತೆಗೆ ಹೊಲಿಸಿದಂತೆ ಕೂರುವ ಕತೆ ಅದು, ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಆ ತಾಯಿಯನ್ನು ನಾನು ನೋಡಿದ್ದೆ. ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚಿಸಿಕೊಂಡು ತೋಟದ ತುದಿಯವರೆಗೆ ನಡೆದು ಹೋಗಿ, ಬಿದ್ದ ಸೋಗೆ ಎಳೆದುಕೊಂಡು ಬರುತ್ತಿದ್ದ ಹೆಂಗಸು. ಯಾರ ಸೇವೆಯೂ ಅವರಿಗೆ ಬೇಕಿರಲಿಲ್ಲ. ನಾನು ಶೆಟ್ಟಿಕೆರೆಯ ಅವರ ಮನೆಗೆ ಹೋದಾಗಲೆಲ್ಲ ಮಗಳ ಎದುರಿಗೇ ಕೇಳುತ್ತಿದ್ದರು: “ನಿಮ್ ಮೇಡಮ್ಮಂದು ಕೋಳಿ ಪದವಿ ಯಾವಾಗ ಬತ್ತದೆ, ಕೇಳು ವಸಿ.”

ಹಾಗಾದರೆ ಯಾಕೆ ಬಿಟ್ಟರು? ನನಗೆ ತಿಳಿದಷ್ಟು ಬರೆಯುತ್ತೇನೆ. ನಡುನಡುವೆ ನನ್ನ ನೆನಪನ್ನೇ ನಾನು ತಿದ್ದಿದರೆ ಓದುವವರು ಸಹಿಸಿಕೊಳ್ಳಬೇಕು.

ನಾನು ತುರುವೇಕೆರೆಯವಳು. ತಿಪಟೂರಿನ ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರಿದಾಗ ಮೇಡಂ ಅಲ್ಲಿ ಹಿರಿಯರು. ಗಿಡ್ಡ ಆಳು, ಬಿರುಸು ನಡಿಗೆ. ಸೀರೆಯ ಬಣ್ಣ ಒಂದೂ ನೆನಪಿಲ್ಲ. ಬೆರಳ ತುದಿಗಳ ಬಣ್ಣ ಮಾತ್ರ ನೆನಪಿದೆ: ನೇರಳೆ. ಅಮೈನೊ ಆಮ್ಲವನ್ನು ಪತ್ತೆ ಹಚ್ಚಲು ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಬಳಸುತ್ತಿದ್ದರು. ಅದು ಚರ್ಮಕ್ಕೆ ತಾಗಿದರೆ ಸೋಪಿಗೆ ಹೋಗುವುದಿಲ್ಲ. ಒಮ್ಮೆ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ಕಂಡಕ್ಟರ್ ಅವರ ಕೈ ನೋಡಿದ.

“ಯಾವ ಎಲೆಕ್ಷನ್ ಮೇಡಂ?”

“ಕೋಳಿದು ಕಣಪ್ಪ. ಯಾರು ಗೆದ್ರು ಅಂತ ಇನ್ನೂ ಗೊತ್ತಾಗಿಲ್ಲ.”

ಇನ್ನೊಂದು ನೆನಪು, ಅವರ ಮಾತು: “ಅನುಮಾನ ಬಂತಾ? ಮೊದ್ಲಿಂದ.” ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಸರಿಯಿಲ್ಲ ಅನ್ನಿಸಿದರೆ ಅದೊಂದನ್ನು ತಿದ್ದುತ್ತಿರಲಿಲ್ಲ, ಇಡೀ ಪತ್ರಿಕೆ ಹರಿದು ಹೊಸದು ಬರೆಯುತ್ತಿದ್ದರು. ಲ್ಯಾಬಿನ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಂದ ಇಳಿದು, ಎದುರಿನ ಬಸ್ಸು ಹತ್ತಿ ವಾಪಸು ಬಂದದ್ದುಂಟು. ಬೀಗ ಹಾಕಿಯೇ ಇರುತ್ತಿತ್ತು. ಅದು ಅವರಿಗೆ ನಗೆಯ ವಿಷಯವೇ ಅಲ್ಲ. ಈ ಗುಣವನ್ನು ನಾನು ಮೆಚ್ಚಿಕೊಂಡಿದ್ದೆ. ಈಗ ಮೆಚ್ಚುತ್ತೇನೆಯೇ, ಗೊತ್ತಿಲ್ಲ.

ಅವರು ಹಿಡಿದಿದ್ದ ಪ್ರಶ್ನೆ ಹೇಳಲಿಕ್ಕೆ ಸಣ್ಣದು. ಮೊಟ್ಟೆಯೊಳಗಿನ ಮರಿಯ ಗುಂಡಿಗೆ ಬೆಳೆಯಬೇಕಾದರೆ ಅಮೈನೊ ಆಮ್ಲಗಳು ಬೇಕು. ಪ್ರೋಟೀನಿನ ಗೋಡೆ ಕಟ್ಟುವ ಇಟ್ಟಿಗೆ ಅವು. ಇಟ್ಟಿಗೆ ಹೊರಗಿದೆ, ಒಳಗೆ ಎಳೆದುಕೊಳ್ಳಬೇಕು. ಎಳೆದುಕೋ ಎಂದು ಗುಂಡಿಗೆಗೆ ಯಾರು ಹೇಳುತ್ತಾರೆ? ಇನ್ಸುಲಿನ್ ಎಂಬ ಹಾರ್ಮೋನು ಹೇಳುತ್ತದೆಯೇ? ದೊಡ್ಡ ಪ್ರಾಣಿಯ ಮೈಯಲ್ಲಿ ಹೇಳುತ್ತದೆ. ರೆಕ್ಕೆ ಇನ್ನೂ ರೆಕ್ಕೆಯಾಗಿರದ ಜೀವದ ಗುಂಡಿಗೆಗೆ ಆ ಮಾತು ಕೇಳಿಸುತ್ತದೆಯೇ?

ಈ ಪ್ರಶ್ನೆಗೆ ಕಾವು ಕೂರಿಸಬಹುದಾದ ಮೊಟ್ಟೆ ಬೇಕು. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ. ಹುಂಜದ ಜೊತೆ ಓಡಾಡಿಕೊಂಡಿರುವ ನಾಟಿ ಕೋಳಿಯದೇ ಆಗಬೇಕು. ಮೇಡಂ ಮನೆಯವರು ಮೊಟ್ಟೆ ಮುಟ್ಟದವರು. ನಾನು ಬಸ್ಸು ಬದಲಿಸುತ್ತಿದ್ದ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿಯವರ ತಾಯಿ ಕೋಳಿ ಸಾಕಿದ್ದರು. ನಾನೇ ಅಲ್ಲಿಂದ ಸ್ಟೀಲ್ ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ ಹಾಸಿ, ಮೊಟ್ಟೆ ಜೋಡಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು ತಿಪಟೂರಿಗೆ ತರುತ್ತಿದ್ದೆ.

“ಅಲ್ಲಮ್ಮಾ, ನಿಮ್ ಮೇಡಂ ಇದ್ನ ತಿನ್ನಲ್ಲ, ಮಾರಲ್ಲ, ಮರೀನೂ ಮಾಡಲ್ಲ. ಏನ್ ಮಾಡ್ತಾರೆ?” ಎಂದು ಆಕೆ ಒಮ್ಮೆ ಕೇಳಿದರು.

“ಒಡೆದು ಒಳಗೆ ನೋಡ್ತಾರಮ್ಮ. ಗುಂಡಿಗೆ ಹೆಂಗೆ ಬೆಳೀತದೆ ಅಂತ.”

“ಅದ್ಕೆ ಒಡೀಬೇಕಾ? ವಸಿ ತಾಳ್ಕೊಂಡ್ರೆ ಅದೇ ಒಡ್ಕೊಂಡು ಬಂದು ತೋರುಸ್ತದಲ್ಲಾ.”

ಇದನ್ನು ಮೇಡಂಗೆ ಹೇಳಿದೆ. ಅವರು ನಕ್ಕರು ಎಂದು ಬರೆದುಬಿಡುವುದು ಸುಲಭ. ನಕ್ಕಂತೆ ನೆನಪಿಲ್ಲ. ಚಿಪ್ಪು ಬಿಡಿಸುವ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅದು ವಾಸನೆಗೋ, ಬೇರೆ ಏನಕ್ಕೋ, ನಾನು ಕೇಳಲಿಲ್ಲ.

ಬಲ್ಬು ಹಾಕಿದ ಮರದ ಪೆಟ್ಟಿಗೆಯಲ್ಲಿ ಕೆಲವು ದಿನ ಕಾವು ಕೊಟ್ಟ ಮೊಟ್ಟೆಯನ್ನು ಬಿಡಿಸಿದರೆ ಒಳಗೆ ಒಂದು ಕೆಂಪು ಚುಕ್ಕಿ ಎಗರುತ್ತಿರುತ್ತದೆ. ಅದೇ ಗುಂಡಿಗೆ. ಅಂಥವನ್ನು ಹಲವು ಮೊಟ್ಟೆಗಳಿಂದ ತೆಗೆದು ಬೆಚ್ಚಗಿನ ಉಪ್ಪುನೀರಿನಲ್ಲಿಟ್ಟು ಎರಡು ಪಾಲು ಮಾಡುತ್ತಿದ್ದರು. ಒಂದು ಪಾಲಿಗೆ ಬರೀ ಅಮೈನೊ ಆಮ್ಲ. ಇನ್ನೊಂದಕ್ಕೆ ಅಮೈನೊ ಆಮ್ಲದ ಜೊತೆ ಇನ್ಸುಲಿನ್. ಸ್ವಲ್ಪ ಹೊತ್ತು ಬಿಟ್ಟು, ತೊಳೆದು, ಕುದಿಸಿ, ನಿನ್‌ಹೈಡ್ರಿನ್ ಹಾಕಿದರೆ ನೇರಳೆ ಬಣ್ಣ ಬರುತ್ತದೆ. ಗುಂಡಿಗೆ ಹೆಚ್ಚು ಎಳೆದುಕೊಂಡಿದ್ದರೆ ಬಣ್ಣ ಗಾಢ, ಕಡಿಮೆಯಾಗಿದ್ದರೆ ತಿಳಿ.

ಆ ಎರಡು ಪಾಲಿಗೆ ನಾವು ಇಟ್ಟುಕೊಂಡಿದ್ದ ಹೆಸರು ಸಪ್ಪೆ ಮತ್ತು ಸಿಹಿ. ಹೆಸರು ಬಂದದ್ದು ಮೇಡಂ ಮನೆಯ ಕಾಫಿಯಿಂದ. ತಾಯಿಗೆ ಸಕ್ಕರೆ ಕೂಡದು. ಕಾಫಿ ಕಾಸಿದ ಮೇಲೆ ತಾಯಿಯ ಲೋಟಕ್ಕೆ ಸಪ್ಪೆಯದನ್ನು ಮೊದಲು ಬಗ್ಗಿಸಿ, ಆಮೇಲೆ ಪಾತ್ರೆಗೆ ಸಕ್ಕರೆ ಹಾಕುವುದು ಆ ಮನೆಯ ಪದ್ಧತಿ. ಸಕ್ಕರೆ ಕದಡಿದ ಚಮಚ ಸಪ್ಪೆಗೆ ತಾಗಕೂಡದು. ಲ್ಯಾಬಿನಲ್ಲಿದ್ದದ್ದು ಒಂದೇ ಒಳ್ಳೆಯ ಚಿಮಟ, ಒಂದೇ ಪಿಪೆಟ್. ಇನ್ಸುಲಿನ್ ಮುಟ್ಟಿದ್ದು ಸಪ್ಪೆಗೆ ತಾಗದಿರಲಿ ಎಂದು ಮೇಡಂ ಅಲ್ಲಿಯೂ ಸಪ್ಪೆಯನ್ನೇ ಮೊದಲು ಮುಗಿಸುತ್ತಿದ್ದರು. ಬಿಸಿನೀರಿನ ತೊಟ್ಟಿಯೂ ಚಿಕ್ಕದು, ಒಂದು ಸಲಕ್ಕೆ ಒಂದೇ ಪಾಲು. ಸಪ್ಪೆ ಮುಗಿಯುವವರೆಗೆ ಸಿಹಿಯ ಗುಂಡಿಗೆಗಳು ಬರೀ ಉಪ್ಪುನೀರಿನಲ್ಲಿ ಕಾಯುತ್ತಿದ್ದವು. ಅಚ್ಚುಕಟ್ಟು ಅಂದರೆ ಅದೇ ಎಂದು ನಮ್ಮಿಬ್ಬರಿಗೂ ಅನಿಸಿತ್ತು. ಅಡುಗೆಮನೆಯಲ್ಲಿ ಬೆಳೆದ ಯಾವ ಹೆಂಗಸಿಗೂ ಅನಿಸುತ್ತಿತ್ತು.

ಫಲಿತಾಂಶ ಚೆನ್ನಾಗಿ ಬಂತು. ಸಿಹಿಯ ನಳಿಗೆಗಳು ಪ್ರತಿ ಸಲವೂ ಸಪ್ಪೆಗಿಂತ ಗಾಢ. ಮರಿಯ ಗುಂಡಿಗೆ ಇನ್ಸುಲಿನ್ನಿನ ಮಾತು ಕೇಳುತ್ತದೆ. ಮೇಡಂ ಮನೆಯಲ್ಲಿ ಇದನ್ನು ವಿವರಿಸಿದರಂತೆ: ಅಮ್ಮಾ, ನಿನಗೆ ಚುಚ್ಚುತ್ತಾರಲ್ಲ, ಅದೇ ಇದು.

“ಹಂಗಾದ್ರೆ ಆ ಮರೀಗೂ ಸಕ್ಕರೆ ಕಾಯಿಲೆನಾ? ಪಾಪ, ಹುಟ್ಟೋಕೆ ಮುಂಚೇನೇ” ಎಂದಿದ್ದರಂತೆ ತಾಯಿ.

ಬರೆಯುವ ಕೆಲಸ ಶುರುವಾಯಿತು. ಪ್ರಬಂಧದ ಮೂರು ಅಧ್ಯಾಯ ಯೂನಿವರ್ಸಿಟಿಯ ಗೈಡಿಗೆ ಹೋಗಿತ್ತು. ಆ ಹೊತ್ತಿಗೆ ಒಂದು ಬೆಳಿಗ್ಗೆ, ಇನ್ನೊಂದಿಷ್ಟು ಸಪ್ಪೆಯ ಅಳತೆ ಬೇಕೆಂದು ಮೇಡಂ ಗುಂಡಿಗೆಗಳನ್ನು ತೆಗೆದಿಟ್ಟಿದ್ದಾಗ ಪ್ರಿನ್ಸಿಪಾಲರಿಂದ ಕರೆ ಬಂತು. ಪರೀಕ್ಷೆಯ ಮೀಟಿಂಗು, ಮಧ್ಯಾಹ್ನದವರೆಗೂ ಬಿಡಲಿಲ್ಲ. ಸಪ್ಪೆಯ ಗುಂಡಿಗೆಗಳು ಅಷ್ಟೂ ಹೊತ್ತು ಉಪ್ಪುನೀರಿನಲ್ಲಿ ಕಾದವು. ಮೇಡಂ ವಾಪಸು ಬಂದು ಕೆಲಸ ಮುಗಿಸಿದಾಗ ನಳಿಗೆ ಗಾಢ ನೇರಳೆ. ಇನ್ಸುಲಿನ್ ಹಾಕಿದ ಹಾಗೆಯೇ.

“ಇದಕ್ಕೆ ನೀನೇನಾದ್ರೂ ಹಾಕಿದ್ಯೇನೇ?”

“ಇಲ್ಲ ಮೇಡಂ, ನಾನು ಕ್ಲಾಸಲ್ಲಿದ್ದೆ.”

“ಅನುಮಾನ ಬಂತು” ಎಂದರು. “ಮೊದ್ಲಿಂದ.”

ಮಾರನೆಯ ವಾರ ಬೇಕೆಂದೇ ಸಪ್ಪೆಯನ್ನು ಮಧ್ಯಾಹ್ನದವರೆಗೆ ಕಾಯಿಸಿದರು. ಮತ್ತೆ ಗಾಢ. ಆಗ ಅವರು ಕುಸಿದು ಕುಳಿತರು ಎಂದು ಬರೆಯಲು ಕೈ ಹೋಗುತ್ತದೆ. ಕುಳಿತದ್ದು ನಿಜ. ಆ ಸ್ಟೂಲಿನ ಒಂದು ಕಾಲು ಸಡಿಲವಿತ್ತು, ಹುಷಾರಾಗಿಯೇ ಕುಳಿತರು. ಕುಳಿತು ನನಗೆ ಹೇಳಿದ್ದು ಮಾತ್ರ ಹೆಚ್ಚುಕಡಿಮೆ ಹೀಗೇ ಇತ್ತು:

“ಮದುವೆ ಮನೇಲಿ ಎರಡು ಪಂಕ್ತಿ ಅಂತಿಟ್ಕೋ. ಮೊದಲ್ನೇ ಪಂಕ್ತಿಯೋರು ಬಂದ ತಕ್ಷಣ ಕೂತ್ಕೊಂಡ್ರು. ಎರಡನೇ ಪಂಕ್ತಿಯೋರ್ನ ಮಧ್ಯಾಹ್ನದ ಗಂಟ ಹೊರಗೆ ಕಾಯ್ಸಿದ್ವಿ. ಅವ್ರು ಜಾಸ್ತಿ ತಿಂದ್ರು. ಅವ್ರ ಎಲೆಗೆ ಮಾತ್ರ ಉಪ್ಪಿನಕಾಯಿ ಹಾಕಿದ್ವಿ ಕಣೇ. ನಾನು ಇಷ್ಟು ವರ್ಷದಿಂದ ಏನ್ ಬರೀತಿದೀನಿ? ಉಪ್ಪಿನಕಾಯಿ ಇದ್ದಿದ್ದಕ್ಕೇ ಜಾಸ್ತಿ ತಿಂದ್ರು ಅಂತ.”

ಗುಂಡಿಗೆಗೆ ಹಸಿವಾದರೆ, ಸುತ್ತ ಆಹಾರವಿಲ್ಲದೆ ಹೊತ್ತು ಕಳೆದರೆ, ಯಾವ ಹಾರ್ಮೋನೂ ಹೇಳದೆ ಅದು ತಾನಾಗಿಯೇ ಬಾಗಿಲು ಅಗಲ ಮಾಡಿಕೊಳ್ಳುತ್ತದೆ. ಇದು ಬೇರೆ ಕಡೆಯವರಿಗೆ ಗೊತ್ತಿದ್ದ ವಿಷಯವೇ. ನಮ್ಮ ಲ್ಯಾಬಿಗೆ ಗೊತ್ತಾದದ್ದು ಒಂದು ಮೀಟಿಂಗಿನಿಂದ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ಆ ಸಲ ಮೇಡಂ ಗೈಡೇ ಬಂದರು. ಮಕ್ಕಳ ವೈವಾ ಮುಗಿದ ಮೇಲೆ ಎಳನೀರು ತರಿಸಿ ಲ್ಯಾಬಿನಲ್ಲೇ ಕೂತರು. ನಾನು ಸೂಕ್ಷ್ಮದರ್ಶಕಗಳನ್ನು ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದೆ. ಮೇಡಂ ಎಲ್ಲವನ್ನೂ ಹೇಳಿದರು.

“ನೀವು ಇಲ್ಲದ ಕಷ್ಟ ಹುಡುಕ್ಕೊಂಡು ಹೋಗ್ತೀರಿ” ಎಂದರು ಗೈಡ್. “ಎಲ್ಲಾ ಸಲಾನೂ ಅದೇ ಕ್ರಮದಲ್ಲಿ ಮಾಡಿದ್ದೀರಲ್ಲ, ಹಾಗಂತ ಬರೀರಿ.”

“ಅದೇ ತಪ್ಪು ಸರ್. ಎಲ್ಲಾ ಸಲಾನೂ ಅದೇ ಕ್ರಮ.”

ಬಹಳ ವರ್ಷ ನಾನು ಇದನ್ನು ಇಲ್ಲಿಗೇ ನಿಲ್ಲಿಸಿ ಹೇಳುತ್ತಿದ್ದೆ. ಸ್ಟಾಫ್ ರೂಮಿನಲ್ಲಿ, ಮನೆಯಲ್ಲಿ. ಹಾಗೆ ಹೇಳಿದರೆ ಗೈಡ್ ಮುಚ್ಚಿಡು ಎಂದವರಾಗುತ್ತಾರೆ, ಮೇಡಂ ಸತ್ಯಕ್ಕೆ ನಿಂತವರಾಗುತ್ತಾರೆ, ಕೇಳಿದವರಿಗೂ ಸಮಾಧಾನ. ಆದರೆ ಆ ಮನುಷ್ಯ ಎಳನೀರು ಕುಡಿದು ಬುರುಡೆ ಕೆಳಗಿಟ್ಟು ಇನ್ನೂ ಒಂದು ಮಾತು ಹೇಳಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು.

“ಆಯ್ತು, ಹಾಗಾದ್ರೆ ಎರಡನ್ನೂ ಒಂದೇ ಹೊತ್ತು ಕಾಯಿಸಿ ಮತ್ತೆ ಮಾಡಿ. ಒಂದು ವರ್ಷ ಹಿಡಿಯುತ್ತೆ. ನೋಂದಣಿ ಮುಂದುವರಿಸೋದು ನನಗೆ ಬಿಡಿ.”

“ಏನ್ ಸಿಗುತ್ತೆ ಅಂತ ಮಾಡ್ಲಿ ಸರ್? ಇದ್ದಿದ್ದೆಲ್ಲಾ ಹಸಿವೇ.”

“ಅದು ಮಾಡಿದ್ರೆ ತಾನೇ ಗೊತ್ತಾಗೋದು?”

ಮೇಡಂ ಖಾಲಿ ಬುರುಡೆ ಎತ್ತಿ ಬುಟ್ಟಿಗೆ ಹಾಕಿದರು. ಗೈಡ್ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಆ ಮಳೆಗಾಲದಲ್ಲಿ ಕೊಕ್ಕರೆ ರೋಗ ಬಂದು ಕಿಬ್ಬನಹಳ್ಳಿಯ ಆಕೆಯ ಕೋಳಿಗಳು ಸಾಲಾಗಿ ಸತ್ತವು. “ನೋಡು, ಅವೂ ಮುಗ್ಸಿದ್ವು” ಎಂದರು ಮೇಡಂ. ಇಲ್ಲಿ ನಿಲ್ಲಿಸಿದರೂ ಕತೆ ಚೆನ್ನಾಗಿಯೇ ಕಾಣುತ್ತದೆ, ರೋಗ ಬಂತು, ಕೆಲಸ ನಿಂತಿತು ಎಂದು. ನಿಲ್ಲಿಸುವಂತಿಲ್ಲ. ದಸರೆ ಕಳೆಯುತ್ತಲೇ ಆಕೆ ಹೊಸ ಕೋಳಿ ತಂದಿದ್ದರು. ಬಸ್ ನಿಲ್ದಾಣದಲ್ಲಿ ನನ್ನನ್ನು ಕರೆದು, “ಮೊಟ್ಟೆ ಇಕ್ತಾವೆ ಅಂತ ಮೇಡಂಗೆ ಹೇಳಮ್ಮ. ಈ ಸಲ ಹುಂಜ ಜೋರಾಗೈತೆ” ಎಂದರು. ನಾನು ಹೇಳಿದೆ. ಮೇಡಂ ಹಾಜರಿ ಪುಸ್ತಕದಿಂದ ತಲೆ ಎತ್ತದೆ, “ಬೇಡ, ಬುಡು” ಎಂದರು. ಅಷ್ಟೇ. ನೋಂದಣಿಯ ಅವಧಿ ಮುಗಿಯಿತು. ಕಾವಿನ ಪೆಟ್ಟಿಗೆಯಲ್ಲಿ ಅಟೆಂಡರು ಸೀಮೆಸುಣ್ಣ ಇಡತೊಡಗಿದ.

ಅದರಿಂದಾಚೆಗೆ ಅವರು ತುಂಬಾ ವರ್ಷ ಪಾಠ ಮಾಡಿದರು. ಸಪ್ಪೆಯಾಗಿ ಅಲ್ಲ, ಹುರುಪಿನಿಂದಲೇ. ತೋಟದಿಂದ ಮೊಳಕೆ ಒಡೆದ ತೆಂಗಿನಕಾಯಿ ತಂದು ತರಗತಿಯಲ್ಲಿ ಒಡೆಯುತ್ತಿದ್ದರು. ಒಳಗೆ ನೀರಿದ್ದ ಜಾಗವನ್ನು ಬಿಳಿಯ ಸ್ಪಂಜಿನಂಥ ಗೆಡ್ಡೆ ತುಂಬಿಕೊಂಡಿರುತ್ತದೆ, ಚಿಕ್ಕಂದಿನಲ್ಲಿ ನಾವೆಲ್ಲ ಕಿತ್ತಾಡಿಕೊಂಡು ತಿಂದದ್ದು. ಅದು ಸುತ್ತಲಿನ ಕಾಯನ್ನು ಹೀರಿ ಮೊಳಕೆಗೆ ಕಳಿಸುತ್ತದೆ. ಆ ಚೂರುಗಳನ್ನು ಮಕ್ಕಳ ಕೈಗೆ ಹಂಚಿ ಕೇಳುತ್ತಿದ್ದರು: “ತಿನ್ರೋ, ತಿಂತಾ ಹೇಳಿ. ಹೀರ್ಕೋ ಅಂತ ಇದಕ್ಕೆ ಯಾರು ಹೇಳ್ತಾರೆ?”

“ಹಾರ್ಮೋನ್ ಮೇಡಂ” ಎನ್ನುತ್ತಿದ್ದರು ಮಕ್ಕಳು, ಬಾಯಿ ತುಂಬಿಕೊಂಡು.

“ಇರಬಹುದು. ಹಸಿವೂ ಇರಬಹುದು” ಎಂದು ಬೋರ್ಡಿನ ಕಡೆ ತಿರುಗುತ್ತಿದ್ದರು.

ತಾಯಿಗೋಸ್ಕರ ಬಿಟ್ಟರು ಎಂಬ ಮಾತು ಆಗಲೇ ಹುಟ್ಟಿಕೊಂಡಿತ್ತು. ಒಮ್ಮೆ ಸ್ಟಾಫ್ ರೂಮಿನಲ್ಲಿ ಅವರ ಎದುರಿಗೇ ಯಾರೋ ಆಡಿದರು. ಮೇಡಂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ತಾಯಿಯ ಕಿವಿಗೆ ಹೋದಾಗ ಅವರು ಸುಮ್ಮನಿರಲಿಲ್ಲ. “ನನ್ ಮೇಲ್ಯಾಕೆ ಹಾಕ್ತೀರಪ್ಪಾ? ನಾನು ಅಡುಗೆಮನೆಗೆ ಮೊಟ್ಟೆ ತರಬ್ಯಾಡ ಅಂದೆ, ಅಷ್ಟೇಯ. ಓದಬ್ಯಾಡ ಅಂದ್ನಾ?”

ಡಾಕ್ಟರ್ ಎಂದು ಯಾರಾದರೂ ಬಾಯಿತಪ್ಪಿ ಕರೆದರೆ ಮೇಡಂ ತಕ್ಷಣ ತಿದ್ದುತ್ತಿದ್ದರು. ಅದರಲ್ಲಿ ವಿನಯ ನನಗೆ ಕಾಣಲಿಲ್ಲ. ಗಾಯಕ್ಕೆ ಕೈ ತಾಗಿದವರ ಅವಸರ ಕಾಣುತ್ತಿತ್ತು. ಇದು ನನ್ನ ಊಹೆ ಇರಬಹುದು.

ಅವರು ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ, ಎಂ.ಎಸ್ಸಿ. ಹುಡುಗಿಯರಿಬ್ಬರು ಪ್ರಾಜೆಕ್ಟಿಗೆ ವಿಷಯ ಕೇಳಿಕೊಂಡು ಬಂದರು. ನಾನು ಇದನ್ನು ಕೊಟ್ಟೆ. ಯಾಕೆ ಕೊಟ್ಟೆನೋ. ಮೇಡಂ ಪರವಾಗಿ ಏನನ್ನೋ ಸಾಧಿಸುವ ಉದ್ದೇಶವಿತ್ತು ಎಂದರೆ ಸುಳ್ಳಾಗುತ್ತದೆ. ನಿನ್‌ಹೈಡ್ರಿನ್ ಬಾಟಲಿ ಇತ್ತು, ಮೊಟ್ಟೆ ಸಿಗುತ್ತಿತ್ತು. ಈಗ ನೀರಿನ ತೊಟ್ಟಿ ದೊಡ್ಡದಾಗಿದೆ, ಪಿಪೆಟ್ಟಿಗೆ ಬರವಿಲ್ಲ. ಎರಡು ಪಾಲನ್ನೂ ಒಟ್ಟಿಗೇ ಕಾಯಿಸಿ, ಒಟ್ಟಿಗೇ ಇಳಿಸಿ, ತೆಗೆಯುವ ಸರದಿಗೆ ಚೀಟಿ ಎತ್ತಿ ಎಂದೆ. ಕಾದದ್ದರಿಂದ ಸಪ್ಪೆಯೂ ಗಾಢವಾಯಿತು. ಆದರೆ ಸಿಹಿ ಅದಕ್ಕಿಂತ ಒಂದು ಕೂದಲೆಳೆ ಮುಂದಿತ್ತು. ಹುಡುಗಿಯರು ಮತ್ತೆ ಮಾಡಿದರು. ಮತ್ತೆಯೂ ಹಾಗೆಯೇ. ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಬಣ್ಣ ಅಳೆಯುವ ಯಂತ್ರದ ಮುಳ್ಳು ಪ್ರತಿ ಸಲ ಅದನ್ನು ತೋರಿಸಿತು. ಹಸಿವು ನಿಜ, ಇನ್ಸುಲಿನ್ನೂ ನಿಜ.

ಅವರೆಕಾಯಿಯ ಕಾಲ ಅದು. ಶೆಟ್ಟಿಕೆರೆಗೆ ಹೋದೆ. ಮೇಡಂ ತಮ್ಮನ ಸಂಸಾರದ ಜೊತೆಗಿದ್ದರು. ಮನೆ ತುಂಬಾ ಗಲಾಟೆ, ಒಳಗೆ ಮಿಕ್ಸಿ, ಅಂಗಳದಲ್ಲಿ ಮಕ್ಕಳ ಜಗಳ. ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಬೆರಳುಗಳು ಬೆಳ್ಳಗಿದ್ದವು. ನಾನೂ ಒಂದು ಹಿಡಿ ಕಾಯಿ ಎಳೆದುಕೊಂಡು ಬಿಡಿಸುತ್ತಾ ಹೇಳಿದೆ. ಒಳ್ಳೆಯ ಸುದ್ದಿ ಎಂದುಕೊಂಡೇ ಹೇಳಿದೆ.

“ಎರಡನ್ನೂ ಒಂದೇ ಹೊತ್ತು ಕಾಯ್ಸಿದ್ರಾ?” ಎಂದರು.

“ಒಂದೇ ಹೊತ್ತು ಮೇಡಂ.”

“ಯಾವ್ದು ಮೊದ್ಲು ತೆಗೆದ್ರಿ?”

“ಚೀಟಿ ಎತ್ತಿ ತೆಗೆದ್ವಿ.”

ಒಂದೆರಡು ಕಾಯಿ ಬಿಡಿಸಿದರು. “ವ್ಯತ್ಯಾಸ ಎಷ್ಟಿತ್ತು?”

“ಕಮ್ಮಿನೇ. ಆದ್ರೆ ಪ್ರತಿ ಸಲಾನೂ ಇತ್ತು.”

“ನಂದ್ರಲ್ಲಿ ಎದ್ದು ಕಾಣ್ತಿತ್ತು.”

“ಅದ್ರಲ್ಲಿ ಹಸಿವಿಂದೂ ಸೇರಿತ್ತಲ್ಲ ಮೇಡಂ.”

“ಹೂಂ. ಅದ್ನ ಕಳೆದ್ರೂ ಉಳೀತಿತ್ತು.”

“ಉಳೀತಿತ್ತು.”

ಒಳಗಿನಿಂದ ತಮ್ಮನ ಹೆಂಡತಿ, “ಅಕ್ಕ, ಕಾಳು ಆಯ್ತಾ?” ಎಂದು ಕೂಗಿದರು. “ಬತ್ತದೆ ತಡಿಯೇ” ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗದೆ, ಮೊರದ ಕಡೆಗೇ ಹೇಳಿದರು.

“ಉಳಿದಿದ್ದು ಸಾಕಾಗ್ತಿತ್ತು ಕಣೇ. ಹಸಿವು ಅಂತ ಗೊತ್ತಾದ ತಕ್ಷಣ ನಾನು ಬಾಗ್ಲು ಎಳ್ಕೊಂಡು ಬಂದ್ಬುಟ್ಟೆ. ಒಳಗೆ ಇನ್ನೂ ಯಾರಾದ್ರೂ ಇದ್ದೀರಾ ಅಂತ ಒಂದ್ಸಲ ಕೂಗಿ ನೋಡ್ಲಿಲ್ಲ.”

ಆಗ ಅವರ ಮುಖ ಹೇಗಿತ್ತು ಎಂದು ಬರೆಯಬಹುದು. ನಾನು ನೆಲ ನೋಡುತ್ತಿದ್ದೆ.